ಹಾಡು ಕೊಳ್ಳಲು ಪರರ ಕಣ್ಣೇಕೆ? ಅಂಧರು ಮತ್ತು ಡಿಜಿಟಲ್ ಸಂಗೀತದ ಅಂಗಡಿ

ಹಾಡು ಕೇಳಲು ಕಣ್ಣು ಬೇಕಾಗಿಲ್ಲ. ಆದರೆ ಅದೇ ಹಾಡನ್ನು ಅಂತರ್ಜಾಲದಲ್ಲಿ ಹಣ ತೆತ್ತು ಕೊಳ್ಳಹೊರಟ ಅಂಧ ವ್ಯಕ್ತಿಗೆ ಬಹುಕಾಲ ಮತ್ತೊಬ್ಬರ ಕಣ್ಣು ಬೇಕಾಗುತ್ತಿತ್ತು. ಹಾಡನ್ನು ಹುಡುಕಲು, ಬೆಲೆ ತಿಳಿಯಲು, ‘ಕೊಳ್ಳಿ’ ಎಂಬ ಗುಂಡಿಯನ್ನು ಒತ್ತಲು, ಕೊನೆಗೆ ಬ್ಯಾಂಕ್ ಕಾರ್ಡಿನ ಸಂಖ್ಯೆಯನ್ನು ತುಂಬಲು ಮನೆಮಂದಿಯನ್ನೋ ನೆರೆಯವರನ್ನೋ ಕರೆಯಬೇಕಿತ್ತು. ಕಾರ್ಡಿನ ಸಂಖ್ಯೆಯನ್ನು ಪರರ ಕೈಗೆ ಕೊಡುವುದೆಂದರೆ ಹಣದ ಚೀಲವನ್ನೇ ಕೊಟ್ಟಂತೆ. ಹಾಗಾಗಿ ಎಷ್ಟೋ ಮಂದಿ ಹಾಡಿನ ಆಸೆಯನ್ನೇ ಬಿಟ್ಟದ್ದುಂಟು.

ಧ್ವನಿಸುರುಳಿಗಳ ಕಾಲದಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ಅಂಗಡಿಗೆ ಹೋಗಿ ಬೇಕಾದ ಗಾಯಕರ ಹೆಸರು ಹೇಳಿದರೆ ಅಂಗಡಿಯವನು ಸುರುಳಿ ತೆಗೆದು ಕೈಗಿಡುತ್ತಿದ್ದ. ಕೇಳಬೇಕೆಂದರೆ ಒಂದೆರಡು ನಿಮಿಷ ನುಡಿಸಿಯೂ ತೋರಿಸುತ್ತಿದ್ದ. ಮನೆಗೆ ತಂದ ಮೇಲೆ ಡಬ್ಬಿಗೆ ಬ್ರೈಲ್ ಚೀಟಿ ಅಂಟಿಸಿಕೊಂಡರೆ ಮುಗಿಯಿತು. ಅಂಗಡಿಯವನ ಜಾಗಕ್ಕೆ ಗಣಕದ ಪರದೆ ಬಂದಾಗ ಆ ಪರದೆ ಮಾತನಾಡಬಲ್ಲದೇ ಎಂಬುದೇ ಮುಖ್ಯ ಪ್ರಶ್ನೆಯಾಯಿತು.

ಮಾತನಾಡುವ ಪರದೆ

ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಅಥವಾ ಬ್ರೈಲ್ ಫಲಕಕ್ಕೆ ಕಳುಹಿಸುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಇವುಗಳಲ್ಲಿ ಹಳೆಯದೂ ಪ್ರಸಿದ್ಧವೂ ಆದ ಜಾಸ್ ತಂತ್ರಾಂಶ 1989ರಲ್ಲಿ ಡಾಸ್ ಗಣಕಗಳಿಗಾಗಿ ಹುಟ್ಟಿತು. ಅದರ ಜನಕ ಟೆಡ್ ಹೆಂಟರ್ ಮೋಟಾರ್ ಸೈಕಲ್ ಪಂದ್ಯಗಳ ಸವಾರನಾಗಿದ್ದು, 1978ರ ರಸ್ತೆ ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡವರು. 1995ರಲ್ಲಿ ವಿಂಡೋಸ್ ಆವೃತ್ತಿ ಬಂದಿತು. ಬಹಳ ವರ್ಷ ಇದರ ಬೆಲೆ ನೂರಾರು ಡಾಲರ್‌ಗಳಷ್ಟಿದ್ದು, ಭಾರತದ ಸಾಮಾನ್ಯ ಅಂಧ ವಿದ್ಯಾರ್ಥಿಗೆ ಎಟುಕುವಂತಿರಲಿಲ್ಲ.

2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ ಎನ್‌ವಿಡಿಎ ಎಂಬ ತಂತ್ರಾಂಶದ ಕೆಲಸ ಆರಂಭಿಸಿದರು. ಅವರೊಡನೆ ಮತ್ತೊಬ್ಬ ಅಂಧ ತಂತ್ರಜ್ಞ ಜೇಮ್ಸ್ ಟೆ ಕೈಜೋಡಿಸಿದರು. ಇದು ಉಚಿತ; ಇದರ ಮೂಲ ಸಂಕೇತವೂ ಮುಕ್ತ. ಆಪಲ್ ಸಂಸ್ಥೆ 2005ರಲ್ಲಿ ತನ್ನ ಮ್ಯಾಕ್ ಗಣಕಗಳಲ್ಲಿ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರನ್ನು ಒಳಗೊಳಿಸಿತು; 2009ರ ಐಫೋನ್ 3ಜಿಎಸ್‌ಗೂ ಅದು ಬಂದಿತು. ಅದೇ ವರ್ಷ ಆಂಡ್ರಾಯ್ಡ್ ಫೋನುಗಳಿಗೆ ಟಾಕ್‌ಬ್ಯಾಕ್ ಸೇರಿತು. ಹೀಗೆ ಬೇರೆಯಾಗಿ ಕೊಳ್ಳಬೇಕಾಗಿದ್ದ ಸಾಧನ ಫೋನಿನೊಳಗೇ ಸಿಗುವಂತಾಯಿತು.

ಸ್ಕ್ರೀನ್ ರೀಡರ್ ಪರದೆಯನ್ನು ಕಣ್ಣಿನಂತೆ ನೋಡುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಪುಟದ ಹಿಂದಿರುವ ಸಂಕೇತವನ್ನು ಮತ್ತು ತಂತ್ರಾಂಶವು ತನ್ನ ಬಗ್ಗೆ ತಾನೇ ಕೊಡುವ ಮಾಹಿತಿಯನ್ನು ಅದು ಓದುತ್ತದೆ. ‘ಇದು ಗುಂಡಿ, ಇದರ ಹೆಸರು ಕೊಳ್ಳಿ’ ಎಂದು ಸಂಕೇತದಲ್ಲಿ ಬರೆದಿದ್ದರೆ ಅದು ಹಾಗೆಯೇ ಹೇಳುತ್ತದೆ. ಗುಂಡಿಯ ಜಾಗದಲ್ಲಿ ಬರೀ ಒಂದು ಚಿತ್ರವಿಟ್ಟು ಹೆಸರು ಬರೆಯದಿದ್ದರೆ ‘ಬಟನ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಒಂದು ಪುಟದಲ್ಲಿ ಹೆಸರಿಲ್ಲದ ಇಂಥ ಮೂವತ್ತು ಗುಂಡಿಗಳಿದ್ದರೆ ಕೊಳ್ಳುವ ಗುಂಡಿ ಯಾವುದು, ಅಳಿಸುವ ಗುಂಡಿ ಯಾವುದು ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಐಟ್ಯೂನ್ಸ್ ಪ್ರಕರಣ

ಡಿಜಿಟಲ್ ಸಂಗೀತದ ವ್ಯಾಪಾರಕ್ಕೆ ಹೊಸ ರೂಪ ಕೊಟ್ಟದ್ದು ಆಪಲ್ ಸಂಸ್ಥೆಯ ಐಟ್ಯೂನ್ಸ್ ಅಂಗಡಿ. 2003ರ ಏಪ್ರಿಲ್ 28ರಂದು ಅಮೆರಿಕದಲ್ಲಿ ತೆರೆದ ಈ ಅಂಗಡಿಯಲ್ಲಿ ಹಾಡೊಂದಕ್ಕೆ 99 ಸೆಂಟ್. ಮೊದಲ ವಾರದಲ್ಲೇ ಹತ್ತು ಲಕ್ಷ ಹಾಡುಗಳು ಮಾರಾಟವಾದವು. ಅದೇ ಅಕ್ಟೋಬರ್‌ನಲ್ಲಿ ವಿಂಡೋಸ್ ಗಣಕಗಳಿಗೂ ಅದು ಲಭ್ಯವಾಯಿತು.

ಆದರೆ ವಿಂಡೋಸ್ ಬಳಸುತ್ತಿದ್ದ ಅಂಧರ ಪಾಲಿಗೆ ಆ ಅಂಗಡಿಯ ಬಾಗಿಲು ಮುಚ್ಚಿಯೇ ಇತ್ತು. ಐಟ್ಯೂನ್ಸ್‌ನ ಪಟ್ಟಿಗಳು, ಗುಂಡಿಗಳು ವಿಂಡೋಸ್‌ನ ಸಿದ್ಧ ಮಾದರಿಯವಾಗಿರದೆ ಆ ತಂತ್ರಾಂಶವೇ ಬಿಡಿಸಿಕೊಂಡಂಥವು. ಸ್ಕ್ರೀನ್ ರೀಡರ್‌ಗೆ ಬೇಕಾದ ಮಾಹಿತಿಯನ್ನು ಅವು ಕೊಡುತ್ತಿರಲಿಲ್ಲ. ಕೆಲವರು ಸ್ಕ್ರೀನ್ ರೀಡರ್‌ಗೆ ಜೋಡಿಸುವ ಪೂರಕ ಸಂಕೇತಗಳನ್ನು ಬರೆದು ಮಾರಿದರು. ಹಾಡಿಗೆ ಒಂದು ಬೆಲೆ, ಅಂಗಡಿಯೊಳಗೆ ಕಾಲಿಡಲು ಇನ್ನೊಂದು ಬೆಲೆ ಎಂಬಂತಾಯಿತು.

ಅಮೆರಿಕದ ಅಂಧರ ರಾಷ್ಟ್ರೀಯ ಒಕ್ಕೂಟ ಈ ವಿಷಯವನ್ನು ಕೈಗೆತ್ತಿಕೊಂಡಿತು. ಮ್ಯಾಸಚೂಸೆಟ್ಸ್ ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಮಾರ್ಥಾ ಕೋಕ್ಲಿ ಅವರ ಕಚೇರಿಯೂ ಸೇರಿ ನಡೆದ ಮಾತುಕತೆ 2008ರ ಸೆಪ್ಟೆಂಬರ್‌ನಲ್ಲಿ ಒಪ್ಪಂದದಲ್ಲಿ ಮುಗಿಯಿತು. ವಿಶ್ವವಿದ್ಯಾಲಯಗಳ ಪಾಠಗಳಿದ್ದ ಐಟ್ಯೂನ್ಸ್ ಯು ವಿಭಾಗವನ್ನು 2008ರ ಡಿಸೆಂಬರ್ 31ರೊಳಗೆ, ಉಳಿದ ಅಂಗಡಿಯನ್ನು 2009ರ ಜೂನ್ 30ರೊಳಗೆ ಅಂಧರು ಬಳಸುವಂತೆ ಮಾಡಲು ಆಪಲ್ ಒಪ್ಪಿತು. ಆ ರಾಜ್ಯದ ಅಂಧರ ಆಯೋಗಕ್ಕೆ ಎರಡೂವರೆ ಲಕ್ಷ ಡಾಲರ್ ನೀಡಲೂ ಒಪ್ಪಿತು.

ಅದೇ ತಿಂಗಳು ಬಂದ ಐಟ್ಯೂನ್ಸ್‌ನ 8ನೇ ಆವೃತ್ತಿ ಸ್ಕ್ರೀನ್ ರೀಡರ್‌ಗಳೊಡನೆ ಹೊಂದಿಕೊಂಡು ಕೆಲಸ ಮಾಡತೊಡಗಿತು. ಜೊತೆಗೇ ಬಂದ ನಾಲ್ಕನೇ ತಲೆಮಾರಿನ ಐಪಾಡ್ ನ್ಯಾನೊ ತನ್ನ ಪಟ್ಟಿಗಳನ್ನು ತಾನೇ ಓದಿ ಹೇಳುವಂತಿತ್ತು. ಗಣಕದಲ್ಲಿನ ಧ್ವನಿಯಿಂದ ಹಾಡಿನ ಹೆಸರುಗಳನ್ನು ಮೊದಲೇ ನುಡಿಸಿಟ್ಟು, ಆ ಧ್ವನಿತುಣುಕುಗಳನ್ನು ಹಾಡುಗಳೊಡನೆ ಐಪಾಡಿಗೆ ಸಾಗಿಸುವುದು ಇದರ ಕ್ರಮ. 2009ರ ಮಾರ್ಚ್‌ನಲ್ಲಿ ಬಂದ ಪುಟ್ಟ ಐಪಾಡ್ ಶಫಲ್‌ಗೆ ಪರದೆಯೇ ಇರಲಿಲ್ಲ. ಹಾಗಾಗಿ ಹಾಡಿನ ಮತ್ತು ಕಲಾವಿದರ ಹೆಸರನ್ನು ನುಡಿದು ಹೇಳುವ ವ್ಯವಸ್ಥೆಯನ್ನು ಕಣ್ಣಿದ್ದವರಿಗೂ ಒದಗಿಸಬೇಕಾಯಿತು. ಅಂಧರಿಗಾಗಿ ಬೆಳೆದ ಸೌಲಭ್ಯ ಎಲ್ಲರಿಗೂ ಒದಗಿಬಂದುದಕ್ಕೆ ಇದೊಂದು ಉದಾಹರಣೆ.

ಇದೇ ಅವಧಿಯಲ್ಲಿ ಅಮೆರಿಕದ ನ್ಯಾಯಾಲಯದಲ್ಲೂ ಒಂದು ಮುಖ್ಯ ವ್ಯಾಜ್ಯ ನಡೆದಿತ್ತು. ಟಾರ್ಗೆಟ್ ಎಂಬ ಬೃಹತ್ ಮಳಿಗೆ ಸರಣಿಯ ಜಾಲತಾಣ ಅಂಧರಿಗೆ ಬಳಸಲಾಗದಂತಿದೆ ಎಂದು ಅದೇ ಒಕ್ಕೂಟ 2006ರಲ್ಲಿ ದಾವೆ ಹೂಡಿತು. ದಾವೆಯನ್ನು ವಜಾ ಮಾಡಬೇಕೆಂಬ ಸಂಸ್ಥೆಯ ಕೋರಿಕೆಯನ್ನು ನ್ಯಾಯಾಧೀಶೆ ಮರ್ಲಿನ್ ಹಾಲ್ ಪಟೇಲ್ ಪೂರ್ಣವಾಗಿ ಒಪ್ಪಲಿಲ್ಲ. ಮಳಿಗೆಯ ವ್ಯಾಪಾರಕ್ಕೆ ಹೊಂದಿಕೊಂಡಿರುವ ಮಟ್ಟಿಗೆ ಜಾಲತಾಣಕ್ಕೂ ಅಂಗವಿಕಲರ ಹಕ್ಕಿನ ಕಾನೂನು ಅನ್ವಯಿಸುತ್ತದೆ ಎಂದರು. 2008ರಲ್ಲಿ 60 ಲಕ್ಷ ಡಾಲರ್‌ಗಳ ಪರಿಹಾರದೊಡನೆ ಪ್ರಕರಣ ರಾಜಿಯಾಯಿತು. 2000ದಲ್ಲಿ ನ್ಯಾಪ್‌ಸ್ಟರ್ ಎಂಬ ಹಾಡು ಹಂಚಿಕೆಯ ತಾಣದ ವಿರುದ್ಧ ತಡೆಯಾಜ್ಞೆ ಕೊಟ್ಟವರೂ ಇದೇ ನ್ಯಾಯಾಧೀಶೆ.

ಕೊಂಡ ಮೇಲೂ ಬಿಡದ ಬೀಗ

ಅಂಗಡಿಯೊಳಗೆ ಹೋಗಲು ಸಾಧ್ಯವಾದರೂ ಮತ್ತೊಂದು ತೊಡಕಿತ್ತು. ಆಗ ಮಾರುತ್ತಿದ್ದ ಹಾಡುಗಳಿಗೆ ನಕಲು ತಡೆಯುವ ಬೀಗವಿರುತ್ತಿತ್ತು. ಐಟ್ಯೂನ್ಸ್‌ನಲ್ಲಿ ಕೊಂಡ ಹಾಡು ಐಟ್ಯೂನ್ಸ್‌ನಲ್ಲಿ ಮತ್ತು ಐಪಾಡಿನಲ್ಲಿ ಮಾತ್ರ ನುಡಿಯುತ್ತಿತ್ತು. ಕಣ್ಣಿದ್ದವರಿಗೆ ಇದು ಕಿರಿಕಿರಿ. ಅಂಧರಿಗೆ ಅದೊಂದು ತಡೆಗೋಡೆ. ಏಕೆಂದರೆ 2008ರವರೆಗೆ ಐಪಾಡ್ ಮಾತನಾಡುತ್ತಿರಲಿಲ್ಲ. ಮಾತನಾಡುವ ಬೇರೆ ಸಾಧನಗಳು ಬೀಗ ಹಾಕಿದ ಹಾಡನ್ನು ನುಡಿಸುತ್ತಿರಲಿಲ್ಲ.

ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಇಲ್ಲಿ ನೆನೆಯಬೇಕು. ಸ್ವಯಂಸೇವಕರು ಕೂಡಿ ಕಟ್ಟಿದ ಇದನ್ನು ಹಲವು ಬಗೆಯ ಎಂಪಿ3 ಸಾಧನಗಳಲ್ಲಿ, ಕೆಲವು ಐಪಾಡ್‌ಗಳಲ್ಲಿ ಕೂಡ, ಮೂಲ ತಂತ್ರಾಂಶದ ಬದಲು ಅಳವಡಿಸಬಹುದಿತ್ತು. ಅದು ಪಟ್ಟಿಗಳನ್ನೂ ಕಡತಗಳ ಹೆಸರನ್ನೂ ನುಡಿಯುತ್ತಿದ್ದುದರಿಂದ ಅಂಧರಲ್ಲಿ ಜನಪ್ರಿಯವಾಯಿತು. ಹಾಗೆಯೇ 2007ರಲ್ಲಿ ಕೆನಡಾದ ಹ್ಯೂಮನ್‌ವೇರ್ ಸಂಸ್ಥೆ ತಂದ ವಿಕ್ಟರ್ ರೀಡರ್ ಸ್ಟ್ರೀಮ್ ಎಂಬ ಅಂಗೈಯಗಲದ ಸಾಧನವು ಅಂಧರ ಡೈಸಿ ಪುಸ್ತಕಗಳೊಡನೆ ಎಂಪಿ3 ಹಾಡುಗಳನ್ನೂ ನುಡಿಸುತ್ತಿತ್ತು. ಇವೆರಡಕ್ಕೂ ಬೀಗವಿಲ್ಲದ ಕಡತ ಬೇಕಿತ್ತು.

ಈ ದೃಷ್ಟಿಯಿಂದ 2007 ಮಹತ್ವದ ವರ್ಷ. ಬೀಗ ತೆಗೆಯುವುದೇ ಲೇಸೆಂದು ಆಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ ಫೆಬ್ರವರಿಯಲ್ಲಿ ಬಹಿರಂಗ ಪತ್ರ ಬರೆದರು. ಮೇ ತಿಂಗಳಲ್ಲಿ ಇಎಂಐ ಸಂಸ್ಥೆಯ ಹಾಡುಗಳು ಬೀಗವಿಲ್ಲದೆ ಬಂದವು. ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಸಂಸ್ಥೆ ಬೀಗವಿಲ್ಲದ ಎಂಪಿ3 ಹಾಡುಗಳ ಅಂಗಡಿ ತೆರೆಯಿತು. 2009ರಲ್ಲಿ ಐಟ್ಯೂನ್ಸ್‌ನ ಎಲ್ಲ ಹಾಡುಗಳೂ ಬೀಗದಿಂದ ಬಿಡುಗಡೆ ಪಡೆದವು. ಒಂದೇ ವರ್ಷದ ಅಂತರದಲ್ಲಿ ಅಂಗಡಿಯ ಬಾಗಿಲೂ ಹಾಡಿನ ಬೀಗವೂ ತೆರೆದಂತಾಯಿತು.

ಹಾಡು ಕೊಳ್ಳುವ ಹಂತಗಳು

ಸ್ಕ್ರೀನ್ ರೀಡರ್ ಬಳಸುವವರು ಇಂದು ಹಾಡು ಕೊಳ್ಳುವ ಕ್ರಮವನ್ನು ಹಂತಹಂತವಾಗಿ ಹೀಗೆ ವಿವರಿಸಬಹುದು.

1. ಹುಡುಕಾಟ: ಮೌಸ್ ಬಳಕೆ ಇಲ್ಲ, ಎಲ್ಲವೂ ಕೀಲಿಮಣೆಯಿಂದಲೇ. ಎನ್‌ವಿಡಿಎಯಲ್ಲಿ ಇ ಅಕ್ಷರ ಒತ್ತಿದರೆ ಬರೆಯುವ ಚೌಕಕ್ಕೆ, ಎಚ್ ಒತ್ತಿದರೆ ಮುಂದಿನ ಶೀರ್ಷಿಕೆಗೆ, ಬಿ ಒತ್ತಿದರೆ ಮುಂದಿನ ಗುಂಡಿಗೆ, ಕೆ ಒತ್ತಿದರೆ ಮುಂದಿನ ಕೊಂಡಿಗೆ ಜಿಗಿಯಬಹುದು. ಇನ್ಸರ್ಟ್ ಮತ್ತು ಎಫ್7 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪುಟದ ಕೊಂಡಿಗಳ ಪಟ್ಟಿ ಸಿಗುತ್ತದೆ. ಫೋನಿನಲ್ಲಾದರೆ ಬೆರಳನ್ನು ಬಲಕ್ಕೆ ಎಳೆದಂತೆ ಒಂದೊಂದೇ ಅಂಶವನ್ನು ಓದುತ್ತದೆ. ಎರಡು ಬಾರಿ ತಟ್ಟಿದರೆ ಅದು ಆಯ್ಕೆಯಾಗುತ್ತದೆ. ಪ್ರತಿ ಹಾಡಿನ ಹೆಸರನ್ನು ಶೀರ್ಷಿಕೆಯಾಗಿಯೋ ಪಟ್ಟಿಯ ಅಂಶವಾಗಿಯೋ ಗುರುತಿಸಿದ ಅಂಗಡಿಯಲ್ಲಿ ಬೇಕಾದ ಹಾಡು ನಾಲ್ಕಾರು ಒತ್ತುಗಳಲ್ಲಿ ಸಿಗುತ್ತದೆ. ಹಾಗೆ ಗುರುತಿಸದ ಕಡೆ ಇಡೀ ಪುಟವನ್ನು ಮೊದಲಿನಿಂದ ಕೇಳಿಸಿಕೊಳ್ಳಬೇಕು.

2. ಮಾದರಿ ಆಲಿಸುವುದು: ಹಾಡು ನುಡಿಯತೊಡಗಿದೊಡನೆ ಸ್ಕ್ರೀನ್ ರೀಡರ್‌ನ ಮಾತು ಅದರಲ್ಲಿ ಮುಳುಗಿಹೋಗುತ್ತದೆ, ನಿಲ್ಲಿಸುವ ಗುಂಡಿಯನ್ನು ಹುಡುಕಲೂ ಮಾತು ಕೇಳಬೇಕಲ್ಲ! ಇದಕ್ಕೆಂದೇ, ತಾನು ಮಾತನಾಡುವಾಗ ಸಂಗೀತದ ಸದ್ದನ್ನು ತಗ್ಗಿಸುವ ವ್ಯವಸ್ಥೆ ಎನ್‌ವಿಡಿಎಯಲ್ಲಿದೆ. ಇನ್ಸರ್ಟ್, ಶಿಫ್ಟ್ ಮತ್ತು ಡಿ ಕೀಲಿಗಳಿಂದ ಅದನ್ನು ಬದಲಿಸಬಹುದು. ಐಫೋನಿನಲ್ಲಿ ಎರಡು ಬೆರಳಿನಿಂದ ಎರಡು ಬಾರಿ ತಟ್ಟಿದರೆ ಹಾಡು ಎಲ್ಲಿದ್ದರೂ ನಿಲ್ಲುತ್ತದೆ.

3. ಬೆಲೆ ತಿಳಿಯುವುದು: ಬೆಲೆಯೂ ಹಾಡಿನ ಹೆಸರೂ ಒಂದೇ ಸಾಲಿನಲ್ಲಿ ಕಣ್ಣಿಗೆ ಕಾಣಬಹುದು. ಆದರೆ ಸಂಕೇತದಲ್ಲಿ ಅವು ದೂರದೂರ ಇದ್ದರೆ ‘15 ರೂಪಾಯಿ, ಬಟನ್’ ಎಂದಷ್ಟೇ ಕೇಳಿಸುತ್ತದೆ. ಹದಿನೈದು ರೂಪಾಯಿ ಯಾವ ಹಾಡಿಗೆ ಎಂಬುದು ತಿಳಿಯದು. ಗುಂಡಿಯ ಹೆಸರಿನಲ್ಲೇ ಹಾಡಿನ ಹೆಸರನ್ನೂ ಸೇರಿಸುವುದು ಸರಿಯಾದ ಕ್ರಮ.

4. ಖಾತೆ ತೆರೆಯುವುದು: ತಿರುಚಿದ ಅಕ್ಷರಗಳನ್ನು ತೋರಿಸಿ ಅವನ್ನು ಬರೆಯುವಂತೆ ಕೇಳುವ ಕ್ಯಾಪ್ಚಾ ಎಂಬ ಪರೀಕ್ಷೆ ಅಂಧರ ಹಳೆಯ ಶತ್ರು. ಮನುಷ್ಯರನ್ನೂ ಯಂತ್ರಗಳನ್ನೂ ಬೇರ್ಪಡಿಸಲು ಹುಟ್ಟಿದ ಈ ಪರೀಕ್ಷೆ ಅಂಧರನ್ನು ಯಂತ್ರಗಳ ಸಾಲಿಗೆ ತಳ್ಳಿತು. ಧ್ವನಿ ರೂಪದ ಪರೀಕ್ಷೆ ಬಂದರೂ ಗದ್ದಲದ ನಡುವೆ ಇಂಗ್ಲಿಷ್ ಪದಗಳನ್ನು ಹಿಡಿಯುವುದು ಸುಲಭವಲ್ಲ. 2014ರ ನಂತರ ಬಂದ ‘ನಾನು ರೋಬಾಟ್ ಅಲ್ಲ’ ಎಂಬ ಚೌಕ ಈ ಕಷ್ಟವನ್ನು ತಕ್ಕಮಟ್ಟಿಗೆ ತಗ್ಗಿಸಿದೆ.

5. ಹಣ ಪಾವತಿ: ಭಾರತದಲ್ಲಿ 2009ರ ಆಗಸ್ಟ್ 1ರಿಂದ ಅಂತರ್ಜಾಲದ ಕಾರ್ಡ್ ಪಾವತಿಗೆ ಎರಡನೇ ಹಂತದ ದೃಢೀಕರಣ ಕಡ್ಡಾಯ. ಫೋನಿಗೆ ಬರುವ ಒಂದು ಬಾರಿಯ ಗುಪ್ತಸಂಖ್ಯೆಯನ್ನು ಆಲಿಸಿ, ನೆನಪಿಟ್ಟು, ಪಾವತಿ ಪುಟಕ್ಕೆ ಮರಳಿ, ಚೌಕವನ್ನು ಹುಡುಕಿ ಬರೆಯುವಷ್ಟರಲ್ಲಿ ಸಮಯ ಮೀರಿರಬಹುದು. ಅಂಕಿಗಳ ಸ್ಥಾನವನ್ನು ಪ್ರತಿಬಾರಿ ಅದಲುಬದಲು ಮಾಡುವ, ಪರದೆಯ ಮೇಲಿನ ಕೀಲಿಮಣೆಯಿದ್ದರೆ ಕಷ್ಟ ಇನ್ನೂ ಹೆಚ್ಚು. ಯುಪಿಐ ಬಂದ ಮೇಲೆ ಪಾವತಿ ಸರಳವಾಗಿದೆ. ಆದರೆ ಪರದೆಯ ಮೇಲೆ ಕ್ಯುಆರ್ ಚಿತ್ರವನ್ನಷ್ಟೇ ತೋರಿಸುವ ತಾಣದಲ್ಲಿ ಅಂಧರು ಕ್ಯಾಮೆರಾವನ್ನು ಗುರಿಯಿಡಬೇಕಾಗುತ್ತದೆ. ಯುಪಿಐ ಗುರುತನ್ನು ಬರೆಯುವ ಅಥವಾ ಅದೇ ಫೋನಿನ ಪಾವತಿ ಆ್ಯಪ್‌ಗೆ ನೇರವಾಗಿ ಹೋಗುವ ಅವಕಾಶವಿದ್ದರೆ ಒಳ್ಳೆಯದು.

6. ಇಳಿಸಿಕೊಳ್ಳುವುದು: ಕೊಂಡ ಹಾಡುಗಳು ಎಲ್ಲಿ ಹೋಗಿ ಕುಳಿತವೆಂದು ತಿಳಿಯದೆ ಪರದಾಡುವವರು ಬಹಳ. ಡೌನ್‌ಲೋಡ್ ಮುಗಿದುದನ್ನು ಪುಟ ನುಡಿದು ಹೇಳಬೇಕು. ಕಡತಗಳ ಹೆಸರು ಕ್ರಮಸಂಖ್ಯೆಯಿಂದ ಆರಂಭವಾಗಿ, ಅನಂತರ ಹಾಡಿನ ಹೆಸರಿದ್ದರೆ ಮಾತನಾಡುವ ಯಾವ ಸಾಧನದಲ್ಲಾದರೂ ಅವನ್ನು ಸುಲಭವಾಗಿ ಹುಡುಕಬಹುದು.

ಪಾವತಿಯ ವೇಳೆ ಒಂದು ಎಚ್ಚರಿಕೆ ಅಗತ್ಯ. ಸ್ಕ್ರೀನ್ ರೀಡರ್ ಓದುವ ಕಾರ್ಡ್ ಸಂಖ್ಯೆ ಪಕ್ಕದವರಿಗೂ ಕೇಳಿಸುತ್ತದೆ. ಆದ್ದರಿಂದ ಕಿವಿಗೆ ಇಯರ್‌ಫೋನ್ ಇರಬೇಕು. ಪರದೆ ತನಗೆ ಕಾಣದಿದ್ದರೂ ಬೆನ್ನ ಹಿಂದೆ ನಿಂತವರಿಗೆ ಕಾಣುತ್ತದೆ ಎಂಬುದೂ ನೆನಪಿರಬೇಕು. ವಾಯ್ಸ್‌ಓವರ್‌ನಲ್ಲಿ ಮೂರು ಬೆರಳಿನಿಂದ ಮೂರು ಬಾರಿ ತಟ್ಟಿದರೆ ಪರದೆ ಕಪ್ಪಾಗುತ್ತದೆ, ಕೆಲಸ ಮಾತ್ರ ಎಂದಿನಂತೆ ನಡೆಯುತ್ತದೆ. ಎನ್‌ವಿಡಿಎಯಲ್ಲೂ ಇಂಥ ಸೌಲಭ್ಯವಿದೆ.

ಕನ್ನಡ ಹಾಡುಗಳ ಪಾಡು

ಕನ್ನಡ ಹಾಡು ಹುಡುಕುವವರಿಗೆ ಇನ್ನೊಂದು ತೊಡಕಿದೆ. ಸಂಗೀತದ ಅಂಗಡಿಗಳಲ್ಲಿ ಕನ್ನಡ ಹಾಡುಗಳ ಹೆಸರನ್ನು ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಾರೆ. ಅದರಲ್ಲೂ ಏಕರೂಪವಿಲ್ಲ. ‘ಗೀತೆ’ ಎಂಬ ಪದಕ್ಕೆ ಒಬ್ಬರು ಟಿ ಅಕ್ಷರವನ್ನಷ್ಟೇ ಬಳಸಿದರೆ ಇನ್ನೊಬ್ಬರು ಟಿ ಮತ್ತು ಎಚ್ ಎರಡನ್ನೂ ಬಳಸುತ್ತಾರೆ. ಒಬ್ಬರು ಇ ಅಕ್ಷರವನ್ನು ಇಮ್ಮಡಿಸಿದರೆ ಇನ್ನೊಬ್ಬರು ಐ ಬರೆಯುತ್ತಾರೆ. ಕಣ್ಣಿದ್ದವರು ಪಟ್ಟಿಯ ಮೇಲೆ ಒಮ್ಮೆ ನೋಟ ಹಾಯಿಸಿ ಗುರುತಿಸಿಬಿಡುತ್ತಾರೆ. ಕಿವಿಯಿಂದ ಓದುವವರು ಪ್ರತಿಯೊಂದು ಕಾಗುಣಿತವನ್ನೂ ಊಹಿಸಿ ಬರೆದು ನೋಡಬೇಕು.

ಇಂಗ್ಲಿಷ್ ಧ್ವನಿ ಈ ಹೆಸರುಗಳನ್ನು ಓದುವ ಬಗೆಯಂತೂ ವಿಚಿತ್ರ. ‘ಮನೆ’ ಎಂಬುದು ಅದರ ಬಾಯಲ್ಲಿ ‘ಮೇನ್’ ಆಗುತ್ತದೆ. ‘ಬಾರೆ’ ಎಂಬುದು ‘ಬೇರ್’ ಆಗುತ್ತದೆ. ಹಾಡು ಯಾವುದೆಂದು ತಿಳಿಯಲು ಅಕ್ಷರ ಅಕ್ಷರವಾಗಿ ಬಿಡಿಸಿ ಕೇಳಬೇಕಾಗುತ್ತದೆ. ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದರೆ, ಸ್ಕ್ರೀನ್ ರೀಡರ್‌ನಲ್ಲಿ ಕನ್ನಡ ಧ್ವನಿ ಇಲ್ಲದವರಿಗೆ ಅದು ಮೌನವಾಗಿಯೋ ಅರ್ಥವಿಲ್ಲದ ಸದ್ದಾಗಿಯೋ ದಾಟಿಹೋಗುತ್ತದೆ.

ಕನ್ನಡ ಧ್ವನಿಗಳ ವಿಷಯದಲ್ಲಿ ಮಾತ್ರ ಸ್ಥಿತಿ ಸುಧಾರಿಸಿದೆ. ಎನ್‌ವಿಡಿಎಯೊಡನೆ ಬರುವ ಇಸ್ಪೀಕ್ ಎಂಬ ಉಚಿತ ಧ್ವನಿಯಲ್ಲಿ ಕನ್ನಡವಿದೆ. ಉಚ್ಚಾರ ಯಾಂತ್ರಿಕವಾಗಿದ್ದರೂ ವೇಗವಾಗಿ ಓದಲು ಅನುಕೂಲ. ಆಂಡ್ರಾಯ್ಡ್ ಫೋನುಗಳ ಗೂಗಲ್ ಧ್ವನಿಯಲ್ಲೂ ಕನ್ನಡವಿದೆ. 2022ರಲ್ಲಿ ಐಒಎಸ್ 16ರೊಡನೆ ವಾಯ್ಸ್‌ಓವರ್ ಕೂಡ ಕನ್ನಡ ನುಡಿಯತೊಡಗಿತು. ಪುಟದ ಸಂಕೇತದಲ್ಲಿ ‘ಈ ಭಾಗ ಕನ್ನಡ’ ಎಂಬ ಗುರುತು ಹಾಕಿದ್ದರೆ ಸ್ಕ್ರೀನ್ ರೀಡರ್ ತಾನಾಗಿಯೇ ಕನ್ನಡ ಧ್ವನಿಗೆ ಹೊರಳುತ್ತದೆ. ಅಂಗಡಿಯವರು ಕನ್ನಡ ಲಿಪಿ, ಇಂಗ್ಲಿಷ್ ಲಿಪಿ ಎರಡರಲ್ಲೂ ಹೆಸರು ಕೊಟ್ಟು, ಗೀತರಚನೆಕಾರರ ಮತ್ತು ರಾಗದ ಹೆಸರನ್ನೂ ಸೇರಿಸಿದರೆ ಹುಡುಕಾಟದ ಅರ್ಧ ಕಷ್ಟ ತೀರುತ್ತದೆ.

ಸಂಗೀತ ಕರ್ನಾಟಕದ ಅಂಧರಿಗೆ ಕಾಲಕ್ಷೇಪದ ವಸ್ತು ಮಾತ್ರವಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದ ಪಂಚಾಕ್ಷರ ಗವಾಯಿಗಳು (1892–1944) ಅಂಧರು. ಅವರ ಶಿಷ್ಯರೂ ಉತ್ತರಾಧಿಕಾರಿಯೂ ಆಗಿ 2010ರಲ್ಲಿ ಪದ್ಮಭೂಷಣ ಪಡೆದು ಅದೇ ವರ್ಷ ಕಾಲವಾದ ಪುಟ್ಟರಾಜ ಗವಾಯಿಗಳೂ ಅಂಧರು. ಅಲ್ಲಿ ಕಲಿತ ಅಂಧ ಮಕ್ಕಳು ಸಂಗೀತವನ್ನೇ ನೆಚ್ಚಿ ಬದುಕು ಕಟ್ಟಿಕೊಂಡಿದ್ದಾರೆ. ಇಂಥ ವಿದ್ಯಾರ್ಥಿಗೆ ಹಿರಿಯ ಗಾಯಕರ ಧ್ವನಿಮುದ್ರಣವೆಂದರೆ ಪಠ್ಯಪುಸ್ತಕವಿದ್ದಂತೆ. ಅದನ್ನು ತಾನೇ ಹುಡುಕಿ ಕೊಳ್ಳಲಾಗದಿದ್ದರೆ ಕಲಿಕೆಗೇ ಅಡ್ಡಿ.

ಕೊಳ್ಳುವುದೋ, ಬಾಡಿಗೆಯೋ?

ಭಾರತದಲ್ಲಿ ಹಾಡನ್ನು ಬಿಡಿಯಾಗಿ ಮಾರುವ ವ್ಯಾಪಾರ ತಡವಾಗಿ ಬಂದು ಬೇಗನೆ ಸೊರಗಿತು. ಫ್ಲಿಪ್‌ಕಾರ್ಟ್ ಸಂಸ್ಥೆ 2012ರ ಫೆಬ್ರವರಿಯಲ್ಲಿ ಫ್ಲೈಟ್ ಎಂಬ ಎಂಪಿ3 ಅಂಗಡಿಯನ್ನು ತೆರೆದು, 2013ರ ಜೂನ್‌ನಲ್ಲಿ ಮುಚ್ಚಿತು. 2012ರ ಡಿಸೆಂಬರ್‌ನಲ್ಲಿ ಐಟ್ಯೂನ್ಸ್ ಅಂಗಡಿ ಭಾರತಕ್ಕೆ ಬಂದಿತು. ಅಷ್ಟರಲ್ಲೇ ಸಾವನ್, ಗಾನಾ ಮೊದಲಾದ ತಾಣಗಳು ಹಾಡುಗಳನ್ನು ಇಳಿಸಿಕೊಳ್ಳದೆಯೇ ಕೇಳುವ ರೂಢಿ ಬೆಳೆಸಿದ್ದವು. 2015ರಲ್ಲಿ ಆಪಲ್ ಮ್ಯೂಸಿಕ್, 2019ರಲ್ಲಿ ಸ್ಪಾಟಿಫೈ ಮತ್ತು ಯೂಟ್ಯೂಬ್ ಮ್ಯೂಸಿಕ್ ಬಂದವು. ಈಗ ತಿಂಗಳ ಚಂದಾ ಕೊಟ್ಟು ಕೇಳುವುದೇ ಹೆಚ್ಚಿನವರ ಪದ್ಧತಿ.

ಚಂದಾ ಪದ್ಧತಿಯಿಂದ ಅಂಧರಿಗೆ ಒಂದು ಲಾಭವುಂಟು: ಪ್ರತಿ ಹಾಡಿಗೂ ಪಾವತಿಯ ಹಂತಗಳನ್ನು ದಾಟಬೇಕಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ, ಒಮ್ಮೆ ದೃಢೀಕರಿಸಿದ ಆವರ್ತಕ ಪಾವತಿಗೆ 15,000 ರೂಪಾಯಿವರೆಗೆ ಪ್ರತಿಬಾರಿ ಗುಪ್ತಸಂಖ್ಯೆ ಬೇಡ. ಹಣ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರುತ್ತದೆ. ಈ 15,000ದ ಮಿತಿ 2022ರಲ್ಲಿ ನಿಗದಿಯಾದದ್ದು.

ನಷ್ಟವೂ ಇದೆ. ಚಂದಾ ಹಾಡು ಆ ಸಂಸ್ಥೆಯ ಆ್ಯಪ್‌ನಲ್ಲಿ ಮಾತ್ರ ನುಡಿಯುತ್ತದೆ. ಹಳೆಯ ಬೀಗ ಹೊಸ ವೇಷದಲ್ಲಿ ಮರಳಿದಂತೆ. ಆ್ಯಪ್‌ನ ಹೊಸ ಆವೃತ್ತಿಯಲ್ಲಿ ಗುಂಡಿಗಳ ಹೆಸರು ಅಳಿಸಿಹೋದರೆ ನಿನ್ನೆಯವರೆಗೆ ಕೇಳುತ್ತಿದ್ದ ಸಾವಿರಾರು ಹಾಡುಗಳು ಇಂದು ಕೈಗೆಟುಕದಾಗುತ್ತವೆ. ಹಣ ತೆತ್ತು ಇಳಿಸಿಕೊಂಡ ಎಂಪಿ3 ಕಡತಕ್ಕೆ ಈ ಭಯವಿಲ್ಲ. ಅದು ಮೆಮೊರಿ ಕಾರ್ಡಿನಲ್ಲಿ ಕುಳಿತು ಗುಂಡಿಗಳಿರುವ ಸಾದಾ ಫೋನಿನಲ್ಲೂ, ಡೈಸಿ ಸಾಧನದಲ್ಲೂ ನುಡಿಯುತ್ತದೆ. ಈ ಕಾರಣದಿಂದಲೇ 2008ರಿಂದ ನಡೆಯುತ್ತಿರುವ ಬ್ಯಾಂಡ್‌ಕ್ಯಾಂಪ್‌ನಂಥ ತಾಣಗಳು, ಬೀಗವಿಲ್ಲದ ಕಡತವನ್ನು ಬೇಕಾದ ನಮೂನೆಯಲ್ಲಿ ಮಾರುವುದರಿಂದ, ಅಂಧ ಶ್ರೋತೃಗಳಿಗೆ ಉಪಯುಕ್ತ.

ಕಾನೂನು ಏನನ್ನುತ್ತದೆ?

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ದೃಷ್ಟಿದೋಷವುಳ್ಳವರ ಸಂಖ್ಯೆ 50 ಲಕ್ಷಕ್ಕೂ ಹೆಚ್ಚು. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿತು. ಅದಕ್ಕೆ ಅನುಗುಣವಾದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ವಿದ್ಯುನ್ಮಾನ ಮಾಧ್ಯಮದ ವಿಷಯವೆಲ್ಲ ಅಂಗವಿಕಲರಿಗೆ ಎಟುಕುವಂತಿರಬೇಕೆಂದು ಅದರ 42ನೇ ಕಲಮು ಹೇಳುತ್ತದೆ. ಸರ್ಕಾರಿ ಹಾಗೂ ಖಾಸಗಿ ಸೇವಾದಾತರು ನಿಯಮಗಳು ಬಂದ ಎರಡು ವರ್ಷಗಳೊಳಗೆ ಅದರಂತೆ ಸೇವೆ ಒದಗಿಸಬೇಕೆಂದು 46ನೇ ಕಲಮು ವಿಧಿಸುತ್ತದೆ. ಉಲ್ಲಂಘನೆಗೆ ಮೊದಲ ಬಾರಿ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡವಿದೆ.

ತಾಂತ್ರಿಕ ಮಾನದಂಡಗಳೂ ಸಿದ್ಧವಾಗಿವೆ. ಜಾಲತಾಣಗಳ ಸುಗಮ ಬಳಕೆಗೆ ಸಂಬಂಧಿಸಿದ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಮೊದಲ ಆವೃತ್ತಿ 1999ರಲ್ಲೂ ಎರಡನೆಯದು 2008ರಲ್ಲೂ ಬಂದವು, ಅದರ 2.2ನೇ ಪರಿಷ್ಕರಣೆ ಬಂದದ್ದು 2023ರಲ್ಲಿ. ಭಾರತೀಯ ಮಾನಕ ಬ್ಯೂರೊ ಐಎಸ್ 17802 ಎಂಬ ಮಾನದಂಡವನ್ನು 2021 ಮತ್ತು 2022ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿತು. 2023ರಲ್ಲಿ ಅದು ಅಧಿನಿಯಮದ ನಿಯಮಗಳಲ್ಲಿ ಸೇರಿತು.

ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳು ಇಲ್ಲಿ ಉಲ್ಲೇಖಾರ್ಹ. ಸುಗಮತೆಯ ನಿಯಮಗಳು ಬರೀ ಸಲಹೆಗಳಾಗಿರಬಾರದು, ಕಡ್ಡಾಯವಾಗಿರಬೇಕು ಎಂದು 2024ರ ನವೆಂಬರ್ 8ರ ರಾಜೀವ್ ರಾತೂರಿ ಪ್ರಕರಣದ ತೀರ್ಪು ಹೇಳಿತು. ಡಿಜಿಟಲ್ ಸೇವೆಗಳನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು 2025ರ ಏಪ್ರಿಲ್ 30ರ ಮತ್ತೊಂದು ತೀರ್ಪು ಸಾರಿತು. ಬ್ಯಾಂಕ್ ಹಾಗೂ ಫೋನ್ ಸೇವೆಗಳ ಗುರುತು ಪರಿಶೀಲನೆಯಲ್ಲಿ ಕಣ್ಣು ಮಿಟುಕಿಸುವಂತೆ ಕೇಳುವ ಪದ್ಧತಿಯಿಂದ ಅಂಧರಿಗೂ ಆ್ಯಸಿಡ್ ದಾಳಿಗೆ ತುತ್ತಾದವರಿಗೂ ಆಗುತ್ತಿದ್ದ ತೊಂದರೆ ಆ ಪ್ರಕರಣದ ವಿಷಯವಾಗಿತ್ತು. ಯುರೋಪಿನಲ್ಲಿ 2025ರ ಜೂನ್ 28ರಿಂದ ಅಂತರ್ಜಾಲ ವ್ಯಾಪಾರಕ್ಕೂ ಸುಗಮತೆಯ ನಿಯಮಗಳು ಅನ್ವಯಿಸುತ್ತಿವೆ.

ತೊಂದರೆಗೊಳಗಾದವರು ಮೊದಲು ಸಂಸ್ಥೆಯ ಗ್ರಾಹಕ ಸೇವೆಗೆ ಬರೆಯುವುದು ವಾಡಿಕೆ. ಬರೆಯುವಾಗ ಯಾವ ಪುಟ, ಯಾವ ಗುಂಡಿ, ಯಾವ ಸ್ಕ್ರೀನ್ ರೀಡರ್, ಅದರ ಯಾವ ಆವೃತ್ತಿ, ಅದು ಏನೆಂದು ಓದಿತು ಎಂಬ ವಿವರಗಳಿದ್ದರೆ ದೋಷ ಸರಿಪಡಿಸುವವರಿಗೆ ನೆರವಾಗುತ್ತದೆ. ಪರಿಹಾರ ಸಿಗದಿದ್ದರೆ ಅಧಿನಿಯಮದಡಿ ನೇಮಕವಾದ ಕೇಂದ್ರದ ಮುಖ್ಯ ಆಯುಕ್ತರಿಗೆ ಅಥವಾ ರಾಜ್ಯದ ಆಯುಕ್ತರಿಗೆ ದೂರು ಕೊಡಬಹುದು.

ಅಂಗಡಿಯವರಿಗೂ ಇದು ದೊಡ್ಡ ವೆಚ್ಚದ ಕೆಲಸವಲ್ಲ. ಪ್ರತಿ ಗುಂಡಿಗೆ ಹೆಸರು, ಪ್ರತಿ ಹಾಡಿಗೆ ಶೀರ್ಷಿಕೆ, ಪ್ರತಿ ಚಿತ್ರಕ್ಕೆ ಒಂದು ಸಾಲಿನ ವಿವರಣೆ, ಗುಪ್ತಸಂಖ್ಯೆ ಬರೆಯಲು ಸಾಕಷ್ಟು ಸಮಯ: ಮುಖ್ಯವಾಗಿ ಬೇಕಾದುದು ಇಷ್ಟೇ. ಇವನ್ನು ಕಟ್ಟುವ ಹೊತ್ತಿನಲ್ಲೇ ಅಳವಡಿಸಿದರೆ ಸುಲಭ. ಕಟ್ಟಿ ಮುಗಿಸಿದ ಮೇಲೆ ಒಡೆದು ಸೇರಿಸುವುದು ಕಷ್ಟ. ಹೀಗೆ ಕಟ್ಟಿದ ಅಂಗಡಿಯಲ್ಲಿ ಅಂಧ ಗ್ರಾಹಕನು ತನ್ನ ಹಣವನ್ನು ತಾನೇ ಎಣಿಸಿ ಕೊಟ್ಟು, ತನಗೆ ಬೇಕಾದ ಹಾಡನ್ನು ತಾನೇ ಆರಿಸಿ ಒಯ್ಯಬಲ್ಲನು.